ಅಮಾವಾಸ್ಯೆಗೆ ಹೋದ ಸೀನಿಯಾರಿಟಿ

ಆಗ ನನಗೆ ಐವತ್ತೇಳು ವರ್ಷ. ಇದಕ್ಕೆ ಐದು ವರ್ಷವಾಯಿತು. ಹುಬ್ಬಳ್ಳಿ ವಿಮಾನ ನಿಲ್ದಾಣದಲ್ಲಿ ವಿಮಾನದ ಒಳಗೆ ಕಸ ಗುಡಿಸುವುದು ನನ್ನ ಕೆಲಸ. ಎರಡು ಕಂಪನಿ ಸೇರಿ ಒಂದಾದವು. ಇದ್ದ ಹನ್ನೊಂದು ಹೆಂಗಸರಲ್ಲಿ ಆರು ಜನ ಸಾಕು ಎಂದರು. ಗೋಡೆಗೆ ಪಟ್ಟಿ ಹಚ್ಚಿದರು. ಅದರಲ್ಲಿ ನನ್ನ ಹೆಸರು ಏಳನೆಯದು. ಒಂದೇ ಒಂದು ದಿನದ ಸಲುವಾಗಿ ಏಳನೆಯದು. ಈಗ ಇದೇ ಕೆಲಸಕ್ಕೆ ಸೇರುತ್ತಿರುವ ಹುಡುಗಿಯರಿಗೆ ಆ ಒಂದು ದಿನ ಎಲ್ಲಿ ಹೋಯಿತು, ನಾನು ಅದನ್ನು ಹೇಗೆ ಹುಡುಕಿ ತಂದೆ, ತಂದ ಮೇಲೆ ಏನು ಹಾಳು ಮಾಡಿಕೊಂಡೆ ಎಂದು ತಿಳಿದಿರಲಿ ಅಂತ ಬರೆಯುತ್ತಿದ್ದೇನೆ. ಓದಿ ಏನು ಮಾಡುತ್ತೀರೋ ನಿಮಗೆ ಬಿಟ್ಟದ್ದು.

ಕೆಲಸಕ್ಕೆ ಸೇರಿದ್ದು ಅದಕ್ಕಿಂತ ನಾಲ್ಕು ವರ್ಷ ಮೊದಲು. ಅಲ್ಲಿಯವರೆಗೆ ಒಂದು ಕಲ್ಯಾಣ ಮಂಟಪದಲ್ಲಿ ಹಂಡೆ, ಪಾತೇಲಿ ತಿಕ್ಕುತ್ತಿದ್ದೆ. ಗಂಡ ಸತ್ತು ಬಹಳ ವರ್ಷವಾಗಿತ್ತು, ಮಕ್ಕಳಿಲ್ಲ, ನನ್ನ ಹೊಟ್ಟೆಗೆ ನಾನೇ. ಪಾತೇಲಿ ತಿಕ್ಕಿ ತಿಕ್ಕಿ ಸೊಂಟ ಬಿದ್ದಿತ್ತು. ವಿಮಾನದಲ್ಲಿ ಪಾತೇಲಿ ಇರುವುದಿಲ್ಲ ಎಂದು ಯಾರೋ ಹೇಳಿದರು. ಹೋದೆ.

ಕಂಪನಿಗಳ ಹೆಸರು ಬರೆಯುವುದಿಲ್ಲ. ನಮ್ಮದರ ವಿಮಾನಕ್ಕೆ ಹಸಿರು ಬಾಲ. ಅದೇ ವಾರ ಇನ್ನೊಂದು ಕಂಪನಿ ಬಂತು, ಅದಕ್ಕೆ ಹಳದಿ ಬಾಲ. ಹಸಿರಿಗೆ ಆರು ಹೆಂಗಸರು, ಹಳದಿಗೆ ಐದು. ನಮ್ಮ ಸೂಪರ್‌ವೈಸರ್ ದೇಸಾಯಿ, ಧಾರವಾಡದವರು, ಮೊದಲ ದಿನ ಆರೂ ಜನರನ್ನು ಸಾಲಾಗಿ ನಿಲ್ಲಿಸಿ ಮುಂದೆ ಕಾಗದ ಇಟ್ಟರು. ರುಕ್ಮವ್ವ ಎಂಬಾಕೆ ಎಲ್ಲರನ್ನೂ ಮೊಳಕೈಯಿಂದ ತಿವಿದು ಮುಂದೆ ನುಗ್ಗಿ ಸಹಿ ಹಾಕಿದಳು. ಆಮೇಲೆ ನಾಲ್ಕು ಜನ ಹಾಕಿದರು. ನನ್ನ ಪಾಳಿ ಬಂತು.

"ಇವತ್ತ ಅಮಾಸಿ ಐತ್ರಿ," ಅಂದೆ. "ನಾಳೆ ಸಹಿ ಮಾಡತೇನಿ."

"ಅಮಾಸಿ ಅಂತ ವಿಮಾನ ನಿಂತದ ಏನವಾ?"

"ಅದು ಹಾರ್ಲಿ ಬಿಡ್ರಿ. ಕೆಲಸಾನೂ ಇವತ್ತ ಮಾಡತೇನಿ. ಹೊಸಾ ಕಾಗದಕ್ಕ ಮಾತ್ರ ಕೈ ಹಚ್ಚಂಗಿಲ್ಲ."

ದೇಸಾಯಿ ಪೆನ್ನಿನ ಮುಚ್ಚಳ ಹಾಕಿದರು. "ಪುಕ್ಕಟೆ ದುಡೀತೇನಿ ಅನ್ನಾಕಿನ್ನ ಬ್ಯಾಡ ಅನ್ನಲಿಕ್ಕೆ ನಂಗೇನಾಗೇದ. ನಡಿ."

ಆ ದಿನ ನಾಲ್ಕು ವಿಮಾನ ಗುಡಿಸಿದೆ. ಮರುದಿನ ಪಾಡ್ಯ, ಸಹಿ ಹಾಕಿದೆ. ಉಳಿದ ಐವರು ಅಮಾವಾಸ್ಯೆಯನ್ನು ಮರೆತಿದ್ದರೋ, ಮರೆತಂತೆ ಮಾಡಿದರೋ ಗೊತ್ತಿಲ್ಲ. ಅವರಿಗೇನೂ ಕೆಡುಕಾಗಲಿಲ್ಲ. ಆದದ್ದೆಲ್ಲ ನನಗೇ.

ಏನಾಯಿತೆಂದರೆ, ಯಾರು ಎಲ್ಲಿ ಗುಡಿಸಬೇಕು ಎಂದು ಸಹಿಯ ಸಾಲಿನ ಮೇಲೆ ಹಂಚಿದರು. ಒಂದನೇ ನಂಬರ್ ರುಕ್ಮವ್ವ, ಅವಳಿಗೆ ಮುಂದಿನ ಐದು ಸಾಲು. ಅಲ್ಲಿ ಕೂರುವವರು ಹೆಚ್ಚು ತಿನ್ನುವುದಿಲ್ಲ. ಒಂದು ಪೇಪರ್ ಬಿಟ್ಟು ಹೋಗುತ್ತಾರೆ, ಅಷ್ಟೇ. ಹಿಂದಕ್ಕೆ ಹೋದ ಹಾಗೆ ಚುರಮರಿ, ಚಕ್ಕುಲಿ, ಬಾಳೆಹಣ್ಣಿನ ಸಿಪ್ಪೆ, ಕೂಸಿನ ವಾಂತಿ. ಎಲ್ಲಕ್ಕೂ ಹಿಂದೆ ಪಾಯಖಾನೆ. ಅದು ಆರನೇ ನಂಬರಿಗೆ. ಆರನೇ ನಂಬರ್ ನಾನು. ನಾಲ್ಕು ವರ್ಷ ಅಲ್ಲೇ ಇದ್ದೆ. ಕರ್ನಾಟಕದವರು, ಮಹಾರಾಷ್ಟ್ರದವರು, ದಿಲ್ಲಿಯವರು, ಎಲ್ಲರೂ ಆ ವಿಷಯದಲ್ಲಿ ಒಂದೇ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ.

ಕೆಲಸ ಕಷ್ಟದ್ದಲ್ಲ, ಅವಸರದ್ದು. ವಿಮಾನ ಇಳಿದು ಮತ್ತೆ ಏರುವ ನಡುವೆ ಅರ್ಧ ತಾಸು. ಜನ ಇಳಿಯಲು ಅದರಲ್ಲಿ ಅರ್ಧ ಹೋಗುತ್ತದೆ. ಉಳಿದದ್ದರಲ್ಲಿ ಗುಡಿಸಬೇಕು, ಒರೆಸಬೇಕು, ಸೀಟಿನ ಬೆಲ್ಟುಗಳನ್ನು ಒಂದರ ಮೇಲೊಂದು ಹೆಣೆದಿಡಬೇಕು. ಹೆಣೆದಿಡದಿದ್ದರೆ ದೇಸಾಯಿಯವರಿಗೆ ಸಿಟ್ಟು ಬರುತ್ತದೆ. ಸೀಟಿನ ಚೀಲದಲ್ಲಿ ಕೈ ಹಾಕುವ ಮೊದಲು ಇಣುಕಿ ನೋಡಿ. ಒಮ್ಮೆ ನಾನು ನೋಡದೆ, ಕಾಗದದಲ್ಲಿ ಸುತ್ತಿದ್ದ ಒಂದು ಗಂಟನ್ನು ಕಸದ ಚೀಲಕ್ಕೆ ಹಾಕಿದೆ. ಅದು ಒಬ್ಬ ಯಜಮಾನರ ಹಲ್ಲಿನ ಸೆಟ್ಟು. ಅವರು ಬಾಯಿ ಮುಚ್ಚಿಕೊಂಡು ಬರೀ ಕೈಸನ್ನೆಯಲ್ಲಿ ಬೈದರು. ಏಳು ಚೀಲ ಸುರುವಿ ಹುಡುಕಿ, ತೊಳೆದು ಕೊಟ್ಟೆ. ಹಲ್ಲು ಹಾಕಿಕೊಂಡ ಮೇಲೆ ಇನ್ನೊಮ್ಮೆ ಬೈದರು, ಈ ಸಲ ಸ್ಪಷ್ಟವಾಗಿ.

ಅದಕ್ಕಿಂತ ದೊಡ್ಡ ತಪ್ಪು ಸೇರಿದ ಎರಡನೇ ತಿಂಗಳಲ್ಲಿ ಆಗಿತ್ತು. ಒಬ್ಬಳು ರಜೆ ಇದ್ದುದರಿಂದ ಆ ದಿನ ನಡುವಿನ ಸಾಲು ನನಗೆ ಬಂತು. ಬಗ್ಗಿ ನೋಡಿದರೆ ಸೀಟಿನ ಕೆಳಗೆ ಯಾರೋ ಹಳದಿ ಗಂಟು ಬಿಟ್ಟು ಹೋಗಿದ್ದಾರೆ. ಎಳೆದೆ, ಬಂತು. ಅದಕ್ಕೊಂದು ಕೆಂಪು ಹಿಡಿಕೆ ಇತ್ತು. ಒಳಗೆ ಏನಿದೆ ನೋಡೋಣವೆಂದು ಅದನ್ನೂ ಎಳೆದೆ. ಭುಸ್ಸೆಂದು ಉಬ್ಬಿ ನನ್ನ ಎದೆಗೂ ಮುಂದಿನ ಸೀಟಿಗೂ ನಡುವೆ ಗಟ್ಟಿಯಾಗಿ ಕೂತಿತು. ನಾನು ಒಳಗೆ ಸಿಕ್ಕಿಬಿದ್ದೆ. ನೀರಿನಲ್ಲಿ ಬಿದ್ದವರು ತೇಲಲಿ ಎಂದು ಇಟ್ಟ ಅಂಗಿ ಅದು. ಹುಬ್ಬಳ್ಳಿಯಲ್ಲಿ ಎಂಟು ದಿನಕ್ಕೊಮ್ಮೆ ನಳಕ್ಕೆ ನೀರು ಬರುತ್ತದೆ, ಇಲ್ಲಿ ಯಾರು ತೇಲುತ್ತಾರೆ ಎಂದು ನನಗೇನು ಗೊತ್ತು.

ಗದ್ದಲ ಕೇಳಿ ಮುಂದಿನ ಕೋಣೆಯಿಂದ ಇಬ್ಬರು ಪೈಲಟ್ ಬಂದರು. ಒಬ್ಬರ ತಲೆ ಪೂರ್ತಿ ಬೆಳ್ಳಗಾಗಿತ್ತು. ಇನ್ನೊಬ್ಬನಿಗೆ ಮೀಸೆ ಈಗಷ್ಟೇ ಬಂದಂತಿತ್ತು. ನಾನು ಬೆಳ್ಳಗಿನ ತಲೆಗೆ ಕೈ ಮುಗಿದೆ.

"ದೊಡ್ಡ ಸಾಹೇಬ್ರ, ತಪ್ಪಾತ್ರಿ. ಕೆಲಸದಿಂದ ತಗೀಬ್ಯಾಡ್ರಿ."

"ದೊಡ್ಡ ಸಾಹೇಬ ನಾ ಅಲ್ಲವಾ," ಅಂದರು ಅವರು, ಅಚ್ಚ ಧಾರವಾಡದ ಕನ್ನಡದಲ್ಲಿ. "ಅವರು. ಅವರಿಗೆ ಕೈ ಮುಗಿ."

ಹುಡುಗನ ಭುಜದ ಮೇಲೆ ನಾಲ್ಕು ಪಟ್ಟಿ, ಇವರ ಭುಜದ ಮೇಲೆ ಮೂರು. ಹುಡುಗ ನಾಚಿಕೊಂಡು, ಇರಲಿ ಇರಲಿ ಎಂದು ಹಿಂದಿಯಲ್ಲಿ ಹೇಳಿ ಒಳಗೆ ಹೋದ. ಬೆಳ್ಳಗಿನ ತಲೆಯವರು ಗಾಳಿ ಬಿಟ್ಟು ನನ್ನನ್ನು ಎಳೆದು ತೆಗೆದರು. ಅವರೇ ಇನಾಮದಾರರು. ಮೂರು ಪಟ್ಟಿ ಇದ್ದರೂ ನಾವು ಅವರನ್ನು ಕ್ಯಾಪ್ಟನ್ ಎಂದೇ ಕರೆದೆವು. ಹುಡುಗನನ್ನು ಏನೆಂದೂ ಕರೆಯಲಿಲ್ಲ.

ಕ್ಯಾಪ್ಟನ್ನರಿಗೆ ಹುಬ್ಬಳ್ಳಿಗೆ ಬಂದಾಗ ಕನ್ನಡ ಮಾತಾಡುವ ಚಟ. ಮಂಜು ಬಿದ್ದೋ ಇನ್ನೇನೋ ಆಗಿ ವಿಮಾನ ತಡವಾದ ದಿನ ನಮ್ಮ ಕ್ಯಾಂಟೀನಿಗೆ ಬಂದು ಚಹಾ ಕುಡಿಯುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ.

"ನಿಮ್ಮ ತೊಡಿಮ್ಯಾಲೆ ಆಡೂ ಹುಡುಗನಂಗ ಅದಾನ ಆತ. ಆತ ದೊಡ್ಡಾಂವ, ನೀವು ಸಣ್ಣವ್ರು. ಏನ್ ತಪ್ಪ ಮಾಡೀರಿ?"

"ತಪ್ಪೇನಿಲ್ಲ ನೀಲವ್ವಾ. ಹದಿನೆಂಟು ವರ್ಷ ಬ್ಯಾರೆ ಕಂಪನ್ಯಾಗ ನಾಲ್ಕು ಪಟ್ಟಿ ಹಾಕ್ಕೊಂಡ ಹಾರ್ಸಿದೆ. ಆ ಕಂಪನಿ ಮುಚ್ಚಿತು. ಇಲ್ಲಿಗೆ ಬಂದೆ. ನಮ್ಮ ಧಂಧೆದಾಗ ಹೊಸಾ ಕಂಪನಿಗೆ ಬಂದ್ರ ಹಳೇ ವರ್ಷ ಎಲ್ಲಾ ಗೇಟಿನ ಹೊರಗ. ಬಂದ ದಿನದಿಂದ ನಂಬರ್ ಹಚ್ಚತಾರ. ಎಷ್ಟು ಛಲೋ ಹಾರಸ್ತೀ ಅಂತ ಯಾರೂ ಕೇಳೂದಿಲ್ಲ. ಯಾವ ಊರಿಗೆ ಹಾರಬೇಕು, ಯಾವಾಗ ರಜಾ, ಯಾರು ದೊಡ್ಡ ಸೀಟಿನ್ಯಾಗ ಕೂಡಬೇಕು, ಎಲ್ಲಾ ನಂಬರಿನ ಮ್ಯಾಲೆ. ಕಂಪನಿಗೆ ಕಷ್ಟ ಬಂದ್ರ ಕೆಳಗಿನ ನಂಬರ್ ಮೊದಲು ಮನಿಗೆ."

ಪಕ್ಕದಲ್ಲಿ ಕೂತಿದ್ದ ರುಕ್ಮವ್ವನಿಗೆ ಅರ್ಥವಾಗಲಿಲ್ಲ. ನನಗೆ ಅರ್ಥವಾಯಿತು. "ನಳದ ಮುಂದ ಕೊಡಾ ಹಚ್ಚಿದಂಗ ಅನ್ರಿ. ನಮ್ಮ ಓಣಿ ನಳದಾಗ ನನ್ನ ಕೊಡಾ ಮೊದಲನೇದ್ದು ಇರಬಹುದು. ಅದು ಕೆಟ್ಟಿತು ಅಂತ ಬಾಜೂ ಓಣಿ ನಳಕ್ಕ ಹೋದ್ರ, ಅಲ್ಲಿ ಕಡೇಕ ಇಡಬೇಕು."

"ಬರೋಬ್ಬರಿ," ಅಂದರು ಕ್ಯಾಪ್ಟನ್. "ಅದನ್ನ ನಾ ನನ್ನ ಹೆಂಡತಿಗೆ ಇಂಗ್ಲೀಷಿನ್ಯಾಗ ಎರಡು ವರ್ಷ ಹೇಳಲಿಕ್ಕತ್ತೇನಿ. ಆಕಿಗೆ ಇನ್ನೂ ತಿಳಿದಿಲ್ಲ."

ಇನ್ನು ಹಳದಿ ಬಾಲದ ಮೆಹಬೂಬಿ. ಅವಳ ಗಂಡನದು ವೆಲ್ಡಿಂಗ್ ಅಂಗಡಿ. ಬೆಂಕಿಯ ಕಿಡಿ ಗಂಡನ ಕೆಲಸದಲ್ಲಿ, ಹೆಂಡತಿಯ ಬಾಯಲ್ಲಿ. ನಮಗೂ ಅವರಿಗೂ ಬಕೆಟ್ ತುಂಬಲು ಹಿಂದಿನ ಗೋಡೆಯ ಒಂದೇ ನಳ. ಅಲ್ಲಿ ನಾವಿಬ್ಬರೂ ದಿನಾ ಜಗಳವಾಡುತ್ತಿದ್ದೆವು. ಅವಳ ತಲೆ ಕ್ಯಾಪ್ಟನ್ನರ ತಲೆಗಿಂತ ಬೆಳ್ಳಗೆ, ಮೇಲೆ ಮೆಹಂದಿ. ಆದರೆ ಆಧಾರ್ ಕಾರ್ಡಿನ ಪ್ರಕಾರ ನನಗಿಂತ ಹದಿನಾರು ವರ್ಷ ಚಿಕ್ಕವಳು. ಕಾರ್ಡು ಮಾಡಿಸುವಾಗ ಗಂಡನ ವಯಸ್ಸನ್ನು ಯಾರೋ ತಪ್ಪಾಗಿ ಕಡಿಮೆ ಬರೆದಿದ್ದರಂತೆ. ಹೆಂಡತಿ ಗಂಡನಿಗಿಂತ ದೊಡ್ಡವಳಾಗುತ್ತಾಳಲ್ಲ ಎಂದು ಇವಳು ತನ್ನದನ್ನು ಅದಕ್ಕೂ ಕೆಳಗೆ ಬರೆಸಿದಳು.

"ಅಕ್ಕಾ ಅನ್ನಬ್ಯಾಡ ನನಗ," ಎನ್ನುತ್ತಿದ್ದಳು. "ಕಾರ್ಡ ನೋಡು. ನಾ ನಿನ್ನ ಮಗಳಂಗ ಅದೇನಿ. ಮೊದಲ ನನ್ನ ಬಕೀಟ ತುಂಬ್ಲಿ, ಎಳೀ ಜೀವ."

ಆಮೇಲೆ ಕೊರೊನಾ ಬಂತು. ವಿಮಾನಗಳು ನಿಂತವು. ಮತ್ತೆ ಶುರುವಾದಾಗ ನಾಲ್ಕರ ಜಾಗದಲ್ಲಿ ಒಂದು. ನಮ್ಮನ್ನು ವಾರಕ್ಕೆ ಎರಡು ದಿನ ಪಾಳಿಯ ಮೇಲೆ ಕರೆದರು. ಪೈಲಟ್ಟರಿಗೆ ಸಂಬಳವಿಲ್ಲದ ರಜೆ ಶುರು ಮಾಡಿದರು, ಪಟ್ಟಿಯ ತಳದಿಂದ. ತಳದಲ್ಲಿ ಇನಾಮದಾರರು. ಮೀಸೆ ಚಿಗುರಿದ ಹುಡುಗ ಹಾರಿಸುತ್ತಲೇ ಇದ್ದ, ಬೆಳ್ಳಗಿನ ತಲೆ ಧಾರವಾಡದ ಮನೆಯಲ್ಲಿ ಕೂತಿತು. ವಿಮಾನದ ಬಾಗಿಲಲ್ಲಿ ಕ್ಯಾಪ್ಟನ್ ಎಲ್ಲಿ ಎಂದು ಕೇಳಿದೆ. ಹುಡುಗ ತನ್ನ ಎದೆಗೆ ಬೆರಳು ತೋರಿಸಿ, ನಾನೇ ಎಂದ. ಪಾಪ, ಅವನದೇನೂ ತಪ್ಪಿಲ್ಲ.

ಮರುವರ್ಷ ಎರಡೂ ಕಂಪನಿ ಒಂದಾದವು. ಬಾಲ ಹಸಿರೋ ಹಳದಿಯೋ ಎಂದು ನಾವು ಮಾತಾಡಿಕೊಳ್ಳುವಷ್ಟರಲ್ಲಿ ದೇಸಾಯಿ ಗೋಡೆಗೆ ಕಾಗದ ಹಚ್ಚಿದರು. ಆರು ಜನಕ್ಕೆ ಕೆಲಸ. ಉಳಿದ ಐವರಿಗೆ ಸಂಬಳವಿಲ್ಲದ ರಜೆ. ಜಾಗ ತೆರವಾದ ಹಾಗೆ ಅದೇ ಸಾಲಿನಲ್ಲಿ ವಾಪಸ್ ಕರೆಯುತ್ತಾರೆ. ಸಾಲು ಹಚ್ಚಿದ್ದು ಸೇರಿದ ತಾರೀಕಿನ ಮೇಲೆ. ತಾರೀಕು ಒಂದೇ ಇದ್ದರೆ ವಯಸ್ಸಿನಲ್ಲಿ ಹಿರಿಯರು ಮುಂದೆ.

"ಇದ್ಯಾವ ಕಾಯದೇರಿ?" ಅಂತ ಕೇಳಿದೆ.

"ಪೈಲಟ್‌ಗೋಳಿಗೆ ಹಚ್ಚಿದ್ದ ಕಾಯದೇನ ನಿಮಗೂ ಹಚ್ಚ್ಯಾರ. ಮ್ಯಾಲಿನವರಿಗೆ ಎರಡು ಕಾಯದೆ ಬರಿಯೂ ತ್ರಾಸ ಯಾಕ."

ಅಮಾವಾಸ್ಯೆಯ ದಿನ ಸಹಿ ಹಾಕಿದ ನಮ್ಮ ಐವರು ಮೊದಲು. ರುಕ್ಮವ್ವನಿಗೆ ಐವತ್ತೆಂಟು, ಎಲ್ಲರಿಗಿಂತ ಹಿರಿಯಳು, ಇಲ್ಲಿಯೂ ಅವಳೇ ಒಂದನೇ ನಂಬರ್. ಹಳದಿಯವರಲ್ಲಿ ಅದೇ ದಿನ ಸೇರಿದ್ದವಳು ಒಬ್ಬಳೇ, ಮೆಹಬೂಬಿ. ವಯಸ್ಸು ನಲವತ್ತೊಂದು ಎಂದು ಆರನೆಯವಳು. ಒಂದು ದಿನ ತಡವಾದ ನಾನು ಏಳು. ಉಳಿದ ಹಳದಿಯವರು ನನ್ನ ಹಿಂದೆ.

ಮೆಹಬೂಬಿ ಪಟ್ಟಿ ನೋಡಿ ನನ್ನ ಕಡೆ ತಿರುಗಿದಳು. "ನಮಗ ಅಮಾಸಿ ಇಲ್ಲ ನೋಡವಾ. ಸಹಿ ಮಾಡು ಅಂದ್ರು, ಮಾಡಿದೆ."

"ನಾ ಆ ದಿನಾ ನಾಕ ವಿಮಾನ ಗುಡಿಸೇನಿ," ಅಂದೆ ದೇಸಾಯಿಯವರಿಗೆ. "ನಿಮ್ಮ ಕಣ್ಣೆದುರಿಗೆ ಗುಡಿಸೇನಿ."

"ಗುಡಿಸೀದಿ. ಕಾಗದ ಎಲ್ಲದ? ನನ್ನ ಕಣ್ಣು ತೊಗೊಂಡು ಮುಂಬೈ ದೊಡ್ಡ ಆಫೀಸಿನವರೇನು ಮಾಡ್ಯಾರು?"

ನಿಜ ಹೇಳುತ್ತೇನೆ, ಆ ದಿನ ನನಗೆ ಅನ್ನ ಸೇರಲಿಲ್ಲ. ಪಾತೇಲಿಗೆ ವಾಪಸ್ ಹೋಗುವ ಸೊಂಟ ನನ್ನಲ್ಲಿ ಉಳಿದಿರಲಿಲ್ಲ. ಮಂಟಪದವರೂ ಈಗ ಯಂತ್ರ ತಂದಿದ್ದರು. ಏಳನೇ ನಂಬರಿಗೆ ಯಾವಾಗ ಕರೆ ಬರುತ್ತದೆ ಎಂದು ಯಾರೂ ಹೇಳುವಂತಿರಲಿಲ್ಲ. ಅಷ್ಟರವರೆಗೆ ಏನು ತಿನ್ನುವುದು?

ಗೇಟಿನಲ್ಲಿ ಕುಳಿತು ಯೋಚಿಸುತ್ತಿದ್ದಾಗ ಕಾವಲಿನವನು ಒಬ್ಬ ಹೊಸ ಎಲೆಕ್ಟ್ರಿಷಿಯನ್‌ನನ್ನು ನಿಲ್ಲಿಸಿ ಪುಸ್ತಕದಲ್ಲಿ ಹೆಸರು ಬರೆಸಿಕೊಂಡು ತಾತ್ಕಾಲಿಕ ಪಾಸ್ ಕೊಟ್ಟ. ಆಗ ತಲೆಗೆ ಹೊಳೆಯಿತು. ಮೊದಲ ದಿನ ನನಗೂ ಹಾಗೇ ಕೊಟ್ಟಿದ್ದರು. ಪುಸ್ತಕ ಇರಲೇಬೇಕು.

ಕಾವಲಿನ ಸಾಹೇಬರು ಪುಸ್ತಕ ಗೋದಾಮಿನಲ್ಲಿದೆ, ಸಿಗುವುದಿಲ್ಲ ಎಂದರು. ಮೂರು ದಿನ ಅವರ ಬಾಗಿಲ ಮುಂದೆ ಕೂತೆ. ಅವರು ಒಳಗೆ ಹೋಗುವಾಗ ನಮಸ್ಕಾರ, ಹೊರಗೆ ಬರುವಾಗ ನಮಸ್ಕಾರ, ಶೌಚಕ್ಕೆ ಹೋಗುವಾಗಲೂ ನಮಸ್ಕಾರ. ನಾಲ್ಕನೇ ದಿನ ಬೇಸತ್ತು ಗೋದಾಮು ತೆಗೆಸಿದರು. ಇಲಿ ಮೂಲೆ ತಿಂದಿತ್ತು, ಸಾಲು ತಿಂದಿರಲಿಲ್ಲ. ತಾರೀಕು, ಬಂದ ಹೊತ್ತು, ಹೋದ ಹೊತ್ತು, 'ನೀಲವ್ವ, ಕ್ಲೀನಿಂಗ್'. ಪಕ್ಕದಲ್ಲಿ ನನ್ನದೇ ಸಹಿ.

ದೇಸಾಯಿ ಅದನ್ನು ಕನ್ನಡಕ ಹಾಕಿ ನೋಡಿದರು, ತೆಗೆದು ನೋಡಿದರು. "ಅಮಾಸಿಗೆ ಸಹಿ ಮಾಡೂದಿಲ್ಲ ಅಂದಿದ್ದೆಲ್ಲ?"

"ಗೇಟಿನ್ಯಾಗ ಮಾಡ್ಲಿಲ್ಲಂದ್ರ ಒಳಗ ಬಿಡಂಗಿಲ್ಲ ಅಂದ್ರು."

"ಅಂದ್ರ ಅಮಾಸಿ ನನ್ನ ಟೇಬಲ್‌ಗೆ ಅಷ್ಟ ಇತ್ತು."

ಆದರೂ ಅವರು ಆ ಪುಟದ ಫೋಟೋ ತೆಗೆದು ಮೇಲೆ ಕಳಿಸಿದರು. ಎರಡು ದಿನಕ್ಕೆ ಮಂಜೂರಾಯಿತು. ತಾರೀಕು ಒಂದೇ ಆಯಿತು. ಐವತ್ತೇಳರ ನಾನು ನೇರ ಎರಡನೇ ನಂಬರಿಗೆ ಹತ್ತಿದೆ, ನಲವತ್ತೊಂದರ ಮೆಹಬೂಬಿ ಏಳಕ್ಕೆ ಇಳಿದಳು.

ಅವಳು ತಲೆಯ ಮೇಲಿನ ಸೆರಗು ತೆಗೆದು ದೇಸಾಯಿಯವರ ಮುಂದೆ ಬಗ್ಗಿದಳು. "ನೋಡ್ರಿ ಸಾಹೇಬ್ರ. ಇದೇನ್ ನಲವತ್ತೊಂದರ ತಲೀನ?"

"ಕಾರ್ಡಿನ್ಯಾಗ ಹಂಗ ಅದ ಮೆಹಬೂಬಿ."

"ನನ್ನ ಬೆನ್ನಿಗೆ ಬಿದ್ದ ತಮ್ಮಗ ಐವತ್ತೈದು. ತಮ್ಮ ಅಕ್ಕನಕಿಂತ ಹದಿನಾಕ ವರ್ಸ ಮೊದಲ ಹುಟ್ಟ್ಯಾನೇನ್ರಿ? ನಮ್ಮವ್ವನ್ನ ಕೇಳೂನಂದ್ರ ಆಕಿ ಇಲ್ಲ."

"ಹುಟ್ಟಿದ್ದಕ್ಕ ಬ್ಯಾರೆ ಕಾಗದ ಏನರೆ ಅದ ಏನು? ಸಾಲಿದು?"

"ಸಾಲಿಗೆ ಹೋಗಿದ್ರ ನಿಮ್ಮ ಕುರ್ಚಿಮ್ಯಾಲೆ ಕೂಡ್ತಿದ್ದೆ."

ಹೊರಗೆ ಬಂದು ನನ್ನ ಮುಂದೆ ನಿಂತಳು. ಜಗಳಕ್ಕೆ ಬಂದಳೆಂದು ನಾನು ಬಕೆಟ್ ಗಟ್ಟಿ ಹಿಡಿದೆ. "ನೀ ಗುಡಿಸಿದ್ದು ಖರೇ ಐತಿ," ಅಂದಳು. "ನಿನಗ ಬೈಯಂಗಿಲ್ಲ. ನನ್ನ ಗಂಡಗ ಬೈತೇನಿ." ಹೋಗಿ ಬೈದಳಂತೆ. ಮೂರು ದಿನ ವೆಲ್ಡಿಂಗ್ ಅಂಗಡಿ ತೆರೆದಿರಲಿಲ್ಲ.

ಇಲ್ಲಿಗೆ ನಿಲ್ಲಿಸಬೇಕಿತ್ತು. ಕೆಲಸ ಉಳಿದಿತ್ತು. ಕಾರ್ಡಿನ ಲೆಕ್ಕಕ್ಕೆ ಇನ್ನೂ ಮೂರು ವರ್ಷ ಗಟ್ಟಿ. ಆದರೆ ಪಟ್ಟಿಯಲ್ಲಿ ನನ್ನ ಮೇಲೆ ಒಂದು ಹೆಸರಿತ್ತು. ಆ ಹೆಸರಿನವಳು ಪಟ್ಟಿಯ ಮುಂದೆ ಎಲ್ಲರೂ ಕೇಳುವಂತೆ ಮಾತಾಡಿದಳು.

"ಎಷ್ಟ ಹಾರ್ಯಾಡಿದ್ರೂ ಎರಡನೇದ್ದ ಆತಲ್ಲ ನೀಲವ್ವಾ. ಮುಂದಿನ ಸಾಲ ನಂದ. ನಾಕ ವರ್ಸ ಹಿಂದಿಂದ ನೋಡಿದ್ಯಲ್ಲ, ಈಗ ನಡುವಿಂದ ನೋಡು."

ಮೊದಲ ದಿನ ಅವಳ ಮೊಳಕೈ ತಿವಿದದ್ದು ನನ್ನ ಪಕ್ಕೆಗೆ. ಒಂದೇ ವರ್ಷದ ವ್ಯತ್ಯಾಸ. ನನಗೆ ನನ್ನ ತವರೂರು ಹೆಬ್ಬಳ್ಳಿಯ ಸಾಲೆ ನೆನಪಾಯಿತು. ಅಲ್ಲಿ ಎರಡನೆಯ ಇಯತ್ತೆಯವರೆಗೆ ಕಲಿತಿದ್ದೆ. ಆಧಾರ್ ಕಾರ್ಡು ಮಾಡುವ ಹುಡುಗ ನನ್ನ ಮುಖ ನೋಡಿ ಅಂದಾಜಿಗೆ ಬರೆದದ್ದು ಜನವರಿ ಒಂದು. ಸಾಲೆಯಲ್ಲಿ ಬೇರೆ ಏನಾದರೂ ಇರಬಹುದು, ಇದ್ದರೆ ವಯಸ್ಸು ಹೆಚ್ಚೇ ಇರಬಹುದು ಎಂದು ಮನಸ್ಸು ಹೇಳಿತು.

ಕಾಗದ ಇಡಲು ಒಂದು ಫೈಲು ಕೊಳ್ಳೋಣವೆಂದು ದುರ್ಗದಬೈಲಿಗೆ ಹೋದೆ. ಪ್ಲಾಸ್ಟಿಕ್ ಸಾಮಾನಿನ ಅಂಗಡಿಯ ಮುಂದೆ ಇನಾಮದಾರರು ಹೆಂಡತಿಯ ಚೀಲ ಹಿಡಿದು ನಿಂತಿದ್ದರು. ಅಂಗಿಯ ಭುಜದ ಮೇಲೆ ಪಟ್ಟಿ ಇಲ್ಲದೆ ಅವರು ಯಾರೋ ಬ್ಯಾಂಕಿನವರಂತೆ ಕಂಡರು.

"ಕರದ್ರೇನ್ರಿ ನಿಮ್ಮನ್ನ?"

"ಇನ್ನೂ ಇಲ್ಲ. ನಮ್ಮ ಪಟ್ಟಿ ಜಗಳ ಮುಗಿದಿಲ್ಲವಾ. ಹಳದಿಯವರು ತಮ್ಮ ಕೊಡಾ ಎಲ್ಲಾ ಮೊದಲು, ನಮ್ಮವೆಲ್ಲಾ ಹಿಂದ ಅಂತಾರ. ನಮ್ಮವರು ಇಟ್ಟ ಹೊತ್ತು ನೋಡಿ ಹಚ್ಚರಿ ಅಂತಾರ. ನಡಕಿನ ಮಂದಿ ನಮ್ಮದೊಂದು ನಿಮ್ಮದೊಂದು ಅಂತಾರ. ಯಾವುದರಾಗ ಹಚ್ಚಿದ್ರೂ ನನ್ನ ಕೊಡಾ ಕಡೇಕ."

"ನಂದು ಎರಡನೇದ್ದ ಬಂತ್ರಿ," ಅಂದೆ. ಗೇಟಿನ ಪುಸ್ತಕದ ಕಥೆ ಹೇಳಿದೆ. ಸಾಲೆಯ ವಿಚಾರವನ್ನೂ ಹೇಳಿದೆ.

ಅವರು ಚೀಲವನ್ನು ಕೆಳಗಿಟ್ಟರು. "ಎರಡು ಛಲೋ ನಂಬರ್ ಅದ ನೀಲವ್ವಾ. ಅಲ್ಲೇ ಇರು. ನಮ್ಮ ಕಡೆ ಅರವತ್ತೈದಕ್ಕ ಕೆಳಗ ಇಳಸ್ತಾರ, ನಂದು ಇನ್ನೊಂದು ವರ್ಷದಾಗ ಬಂತು. ನಿಮ್ಮ ಕಡೆ ಎಷ್ಟಕ್ಕ? ವಯಸ್ಸು ಹೆಚ್ಚ ಮಾಡ್ಕೊಳ್ಳೂಕಿಂತ ಮೊದಲ ಅದನ್ನ ಕೇಳ್ಕೋ."

ನಾನು ಹೂಂ ಅಂದೆ. ಮನಸ್ಸಿನಲ್ಲಿ, ಹುಡುಗನ ಹಿಂದೆ ಕೂತು ಕೂತು ಇವರಿಗೆ ಧೈರ್ಯ ಹೋಗಿದೆ ಅಂದುಕೊಂಡೆ. ಮೂವತ್ತು ವರ್ಷ ವಿಮಾನ ಹಾರಿಸಿದವರು ಚೀಲ ಕೆಳಗಿಟ್ಟು ಹೇಳಿದ ಮಾತನ್ನು, ಹುಡುಗಿಯರೇ, ಕೇಳಬೇಕು. ಅವರಿಗೆ ಈ ಪಟ್ಟಿಗಳ ರುಚಿ ಗೊತ್ತಿರುತ್ತದೆ.

ಮರುದಿನ ಹೆಬ್ಬಳ್ಳಿಗೆ ಬಸ್ಸು ಹತ್ತಿದೆ. ಹೆಡ್‌ಮಾಸ್ತರರ ಜಾಗದಲ್ಲಿ ಈಗ ಒಬ್ಬರು ಬಾಯಾರು, ಅಂದರೆ ಟೀಚರಮ್ಮ, ಇದ್ದರು. ಹಳೆಯ ದಾಖಲಾತಿ ಪುಸ್ತಕ ತೆಗೆದು ನಿಧಾನವಾಗಿ ಬೆರಳು ಇಳಿಸಿದರು. ಸಿಕ್ಕಿತು. ಹುಟ್ಟಿದ್ದು ಜೂನ್ ಒಂದು. ಕಾರ್ಡಿಗಿಂತ ಸುಮಾರು ಮೂರು ವರ್ಷ ಹಿರಿಯಳು.

"ನಿಮ್ಮಪ್ಪ ವಯಸ್ಸು ಹೆಚ್ಚಿಗಿ ಹೇಳಿ ಸೇರಿಸಿರಬೇಕು ನೋಡ್ರಿ," ಅಂದರು ಬಾಯಾರು. "ಆವಾಗ ಭಾಳ ಮಂದಿ ಹಂಗ ಮಾಡ್ತಿದ್ರು."

ಅದು ನಿಜ. ನನಗೆ ಮಸುಕಾಗಿ ನೆನಪಿದೆ. ಆಗ ಸಾಲೆಯಲ್ಲಿ ಉಪ್ಪಿಟ್ಟು ಕೊಡುತ್ತಿದ್ದರು. ತಲೆಯ ಮೇಲಿಂದ ಕೈ ಹಾಕಿ ಆ ಕಡೆಯ ಕಿವಿ ಮುಟ್ಟಿದರೆ ಸಾಲೆಗೆ ಸೇರಿಸಿಕೊಳ್ಳುತ್ತಿದ್ದರು. ನನ್ನ ಕೈ ಹುಬ್ಬಿನವರೆಗೂ ಬರಲಿಲ್ಲ. ಅಪ್ಪ ಮಾಸ್ತರರಿಗೆ, ಇವಳ ಕೈ ಗಿಡ್ಡ, ವಯಸ್ಸು ಆರು ಆಗಿದೆ ಎಂದು ಹೇಳಿದ. ಆಗ ನನಗೆ ಮೂರೋ ನಾಲ್ಕೋ. ಒಂದು ಹಿಡಿ ಉಪ್ಪಿಟ್ಟಿಗಾಗಿ ಹೇಳಿದ ಆ ಸುಳ್ಳಿಗೆ ಈಗ ಬಾಯಾರು ಬರೆದುಕೊಟ್ಟ ಕಾಗದದ ಮೇಲೆ ಗುಂಡು ಮುದ್ರೆ ಬಿತ್ತು. ನಾನು ಖುಷಿಯಿಂದ ಬಾಯಾರಿಗೆ ಎರಡು ಸಲ ಕೈ ಮುಗಿದೆ.

ದೇಸಾಯಿ ಕಾಗದವನ್ನು ಮೇಲೆ ಕಳಿಸಿದರು. ಎರಡು ದಿನ ಬಿಟ್ಟು ಬೆಂಗಳೂರಿನ ಆಫೀಸಿನ ಒಬ್ಬ ಮೇಡಂ ಫೋನಿನ ಪರದೆಯಲ್ಲಿ ಬಂದರು. ಸಣ್ಣ ವಯಸ್ಸು, ನಯವಾದ ಮಾತು. ದೇಸಾಯಿ ಫೋನನ್ನು ನೀರಿನ ಬಾಟಲಿಗೆ ಒರಗಿಸಿಟ್ಟರು. ಒಂದು ಕಡೆ ರುಕ್ಮವ್ವ, ಒಂದು ಕಡೆ ಮೆಹಬೂಬಿ, ನಡುವೆ ನಾನು.

"ನೀಲವ್ವ ಅವರೇ, ನಿಮ್ಮ ಸ್ಕೂಲ್ ಸರ್ಟಿಫಿಕೇಟ್ ಒಪ್ಕೊಂಡಿದ್ದೀವಿ. ನೀವೇ ಸೀನಿಯರ್. ನಂಬರ್ ಒನ್."

ನಾನು ರುಕ್ಮವ್ವನ ಕಡೆ ನೋಡಿದೆ. ಅವಳು ಗೋಡೆಯ ಕಡೆ ನೋಡಿದಳು. ಅಷ್ಟು ಹೊತ್ತು ನನಗೆ ಬಹಳ ಚೆನ್ನಾಗಿತ್ತು.

"ಹಾಗಾದ್ರೆ ಈ ಜೂನ್ ಒಂದಕ್ಕೆ ನಿಮಗೆ ಅರವತ್ತು ತುಂಬುತ್ತೆ ಅಮ್ಮ."

"ತುಂಬ್ಲಿ ಬಿಡ್ರಿ."

"ತುಂಬಿದ್ರೆ ರಿಟೈರ್‌ಮೆಂಟ್. ಇನ್ನು ಎರಡು ತಿಂಗಳಿದೆ."

ಹೊರಗೆ ಯಾವುದೋ ಟ್ರಾಲಿ ಗಡಗಡ ಹೋಯಿತು.

"ಆ ಕಾಗದಾ ವಾಪಸ್ ಕೊಡ್ರಿ," ಅಂದೆ. "ನನಗ ಐವತ್ತೇಳ ಸಾಕು. ಎರಡನೇ ನಂಬರ್ ಇರ್ಲಿ."

"ಅದು ಆಗಲ್ಲ ಅಮ್ಮ. ಸಿಸ್ಟಮ್‌ನಲ್ಲಿ ಅಪ್‌ಡೇಟ್ ಆಗೋಗಿದೆ. ನೀವೇ ಕೊಟ್ಟಿದ್ದಲ್ವಾ?"

"ನಮ್ಮಪ್ಪ ಸುಳ್ಳ ಹೇಳಿದ್ದನ್ರಿ. ಉಪ್ಪಿಟ್ಟಿನ ಸಲುವಾಗಿ."

ಮೇಡಂಗೆ ಅರ್ಥವಾಗಲಿಲ್ಲ. ಉಪ್ಪಿಟ್ಟು ಅಂದರೆ ಯಾವ ಡಾಕ್ಯುಮೆಂಟ್ ಎಂದು ದೇಸಾಯಿಯವರನ್ನು ಕೇಳಿದರು. ದೇಸಾಯಿ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ಹೊರಗೆ ಹೋದರು. ರುಕ್ಮವ್ವ ಗೋಡೆಯಿಂದ ಮುಖ ತಿರುಗಿಸಿ, "ಎರಡ ತಿಂಗಳಿಗೆ ಒಂದನೇ ನಂಬರ್, ಭಾಗ್ಯ," ಅಂದಳು.

ಆಗ ಮೆಹಬೂಬಿ ಬಾಟಲಿಯ ಮುಂದೆ ಬಗ್ಗಿ ಕೇಳಿದಳು. "ಮೇಡಂರಿ, ಈಕಿ ಹ್ವಾದ್ರ ಆ ಜಾಗಾಕ್ಕ ಯಾರು?"

"ವೆಯ್ಟಿಂಗ್‌ನಲ್ಲಿ ಮೊದಲು ಇರೋರು. ನಂಬರ್ ಏಳು."

"ಏಳು ನಾನ."

"ಹೌದು. ನೀವು ಯಂಗ್ ಅಲ್ವಾ, ಇನ್ನೂ ಹತ್ತೊಂಬತ್ತು ವರ್ಷ ಸರ್ವೀಸ್ ಇದೆ ನಿಮಗೆ."

ಮೆಹಬೂಬಿ ಸೆರಗನ್ನು ತಲೆಗೆ ಸರಿಯಾಗಿ ಹೊದ್ದುಕೊಂಡಳು. ಹತ್ತೊಂಬತ್ತು ವರ್ಷಕ್ಕೆ ಅವಳ ನಿಜವಾದ ವಯಸ್ಸು ಎಪ್ಪತ್ತೈದು ದಾಟುತ್ತದೆ. ಕೋಲು ಹಿಡಿದು ವಿಮಾನದ ಏಣಿ ಹತ್ತಬೇಕು. ಹೊರಗೆ ಬಂದ ಮೇಲೆ ನನ್ನ ಭುಜಕ್ಕೆ ಹೊಡೆದಳು.

"ಎರಡ ತಿಂಗಳ ನನ್ನ ಜಾಗಾ ಹಸನ ಇಡು. ನಾ ಮಗಳ ಮನಿಗೆ ಹೋಗಿ ಬರ್ತೇನಿ. ಮೂರ ವರ್ಸ ಆತು ಹೋಗಿಲ್ಲ."

"ನಿನ್ನ ಜಾಗಾ ಪಾಯಖಾನಿದ್ದು. ನಂದು ಮುಂದಿನ ಸಾಲು."

"ಹಂಗಂದ್ರ ಅದನ್ನೂ ಹಸನ ಇಡ್ಲಿಕ್ಕೆ ಹೇಳು."

ಇನಾಮದಾರರನ್ನು ಆ ವರ್ಷ ದೀಪಾವಳಿಯ ಹೊತ್ತಿಗೆ ಕರೆದರು. ಕೆಲವು ತಿಂಗಳು ಬಲಗಡೆಯ ಸೀಟಿನಲ್ಲಿ ಕೂತು ಹಾರಿಸಿದರು, ಅರವತ್ತೈದಾಯಿತು, ಇಳಿದರು. ಅಷ್ಟರಲ್ಲಿ ನಾನು ಅಲ್ಲಿರಲಿಲ್ಲ, ಮೆಹಬೂಬಿ ಹೇಳಿದಳು. ಹೊಸದಾಗಿ ಸೇರುವವರಿಗೆ ನನ್ನ ಮಾತು ಇಷ್ಟೇ. ಕಾಗದ ಮುಂದೆ ಬಂದ ದಿನವೇ ಸಹಿ ಹಾಕಿ. ಪಂಚಾಂಗ ಮನೆಯಲ್ಲಿರಲಿ. ನಿಮ್ಮ ನಂಬರ್ ಉಳಿದರೆ ಮೇಲಿನ ನಂಬರ್ ಯಾರದು ಎಂದು ನೋಡಬೇಡಿ. ನಾನು ನೋಡಿದೆ, ಮೂರು ವರ್ಷ ಕೊಟ್ಟು ಎರಡು ತಿಂಗಳು ತೆಗೆದುಕೊಂಡೆ. ಆದರೂ ಆ ಎರಡು ತಿಂಗಳನ್ನು ಬಿಟ್ಟುಕೊಡುವವಳು ನಾನಲ್ಲ.

ಮೇಡಂ ಫೋನಿನಲ್ಲಿ ಬಂದ ಮರುದಿನ ಬೆಳಿಗ್ಗೆ ಮೊದಲ ವಿಮಾನ ಇಳಿಯಿತು. ಏಣಿ ಹತ್ತಿ ಒಳಗೆ ಹೋದೆ. ಕಾಲು ತಾವೇ ಹಿಂದಕ್ಕೆ ತಿರುಗಿದವು, ಕೈ ತಾವೇ ಬ್ರಷ್ ಹಿಡಿದವು, ಪಾಯಖಾನೆ ಅರ್ಧ ತಿಕ್ಕಿದ ಮೇಲೆ ನಾನು ಯಾರು ಎಂದು ನೆನಪಾಯಿತು. ಬಾಗಿಲಿನಿಂದ ಇಣುಕಿದರೆ ಅಷ್ಟು ದೂರದಲ್ಲಿ ರುಕ್ಮವ್ವ ಆರಾಮವಾಗಿ ಮುಂದಿನ ಸಾಲಿನ ಬೆಲ್ಟು ಹೆಣೆಯುತ್ತಿದ್ದಳು. ಬ್ರಷ್ ಅಲ್ಲೇ ಇಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ವಿಮಾನದ ಉದ್ದಕ್ಕೂ ನಡೆದು ಹೋದೆ.

"ಆಚೆ ಸರಿಯವಾ," ಅಂದೆ. "ಅದು ನನ್ನ ಸಾಲು." ಅವಳು ಹೆಣೆದಿದ್ದ ಬೆಲ್ಟನ್ನು ಬಿಚ್ಚಿ, ಮೊದಲಿನಿಂದ ಹೆಣೆದೆ.